ಪಂಪು ನೀರು ಕಡಿಮೆ ಕೊಡುತ್ತಿದೆಯೇ? ಸವೆದ ಭಾಗಗಳನ್ನು ಪರೀಕ್ಷಿಸಿ ಸರಿಪಡಿಸುವ ಕ್ರಮ

ಬೆಳೆ ತೆನೆ ಕಟ್ಟುವ ಹೊತ್ತಿನಲ್ಲಿ ಪಂಪು ನಿಂತುಹೋದರೆ ರೈತನಿಗೆ ಆಗುವ ನಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದಕ್ಕಿಂತಲೂ ಹೆಚ್ಚು ನಷ್ಟವನ್ನುಂಟುಮಾಡುವ ಇನ್ನೊಂದು ಸಂಗತಿಯಿದೆ. ಪಂಪು ನಡೆಯುತ್ತಲೇ ಇದ್ದು, ವರ್ಷದಿಂದ ವರ್ಷಕ್ಕೆ ಕೊಡುವ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತ ಬರುವುದೇ ಆ ಸಂಗತಿ. ನಿಂತ ಪಂಪು ಎಲ್ಲರ ಕಣ್ಣಿಗೂ ಬೀಳುತ್ತದೆ. ನಡೆಯುವ ಪಂಪಿನ ಕುಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲು ಬೆಳಗಿನಿಂದ ಮಧ್ಯಾಹ್ನದವರೆಗೆ ಮುಗಿಯುತ್ತಿದ್ದ ಹೊಲ ಈಗ ಸಂಜೆಯಾದರೂ ಮುಗಿಯದಿದ್ದರೆ ನಾವು ಬಾವಿಯನ್ನು ದೂರುತ್ತೇವೆ, ಮಳೆಯನ್ನು ದೂರುತ್ತೇವೆ, ಕೊನೆಗೆ ಹೊಸ ಪಂಪನ್ನೇ ಕೊಳ್ಳುತ್ತೇವೆ. ಅನೇಕ ವೇಳೆ ಕೆಟ್ಟಿರುವುದು ಪಂಪಿನೊಳಗಿನ ಒಂದು ಸಣ್ಣ ಲೋಹದ ಬಳೆ ಮಾತ್ರ.

ಈ ಲೇಖನದಲ್ಲಿ ತೆರೆದ ಬಾವಿ, ಹೊಳೆ, ಕೆರೆಯ ಅಂಚು ಮತ್ತು ಕೃಷಿ ಹೊಂಡಗಳ ಮೇಲೆ ಕೂಡಿಸುವ ಕೇಂದ್ರಾಪಗಾಮಿ ಪಂಪಿನ ಸವೆತವನ್ನು ಹೇಗೆ ಪರೀಕ್ಷಿಸಬೇಕು, ಯಾವ ಭಾಗವನ್ನು ಸರಿಪಡಿಸಬಹುದು, ಯಾವುದನ್ನು ಬದಲಾಯಿಸಬೇಕು ಎಂಬುದನ್ನು ತಿಳಿಸಲಾಗಿದೆ. ಸಕ್ಕರೆ ಕಾರ್ಖಾನೆಗಳಲ್ಲಿಯೂ ಊರಿನ ಕುಡಿಯುವ ನೀರಿನ ಸ್ಥಾವರಗಳಲ್ಲಿಯೂ ಕೆಲಸ ಮಾಡುವ ದೊಡ್ಡ ಪಂಪುಗಳು ಇದೇ ಜಾತಿಯವು. ಅವುಗಳ ಸವೆತವೂ ಇದೇ ರೀತಿಯದು. ಕೊಳವೆ ಬಾವಿಯೊಳಗೆ ಇಳಿಸುವ ಸಬ್‌ಮರ್ಸಿಬಲ್ ಪಂಪಿನ ರಚನೆ ಬೇರೆ. ಅದನ್ನು ಊರಿನಲ್ಲಿ ಬಿಚ್ಚಬಾರದು.

ಪಂಪಿನೊಳಗೆ ಏನಿದೆ?

ಕೇಂದ್ರಾಪಗಾಮಿ ಪಂಪಿನ ಕೆಲಸ ಬಹಳ ಸರಳ. ಒದ್ದೆ ಬಟ್ಟೆಯ ತುದಿ ಹಿಡಿದು ಗಿರನೆ ತಿರುಗಿಸಿದರೆ ನೀರು ಹೊರಕ್ಕೆ ಸಿಡಿಯುವುದನ್ನು ಎಲ್ಲರೂ ಕಂಡಿದ್ದೇವೆ. ಪಂಪಿನೊಳಗಿನ ಇಂಪೆಲ್ಲರ್ ಎಂಬ ಚಕ್ರವು ಇದನ್ನೇ ಮಾಡುತ್ತದೆ. ಚಕ್ರದ ನಡುವಿನ ಕಣ್ಣಿನಿಂದ ನೀರು ಒಳಗೆ ಬರುತ್ತದೆ. ಬಾಗಿದ ರೆಕ್ಕೆಗಳು ಅದನ್ನು ಅಂಚಿಗೆ ಎಸೆಯುತ್ತವೆ. ಶಂಖದ ಆಕಾರದ ಕೇಸಿಂಗು ಆ ವೇಗವನ್ನು ಒತ್ತಡವಾಗಿ ಮಾರ್ಪಡಿಸಿ ನೀರನ್ನು ಮೇಲಕ್ಕೆ ಕಳುಹಿಸುತ್ತದೆ.

ಹೀಗೆ ಒಂದೇ ಡಬ್ಬಿಯೊಳಗೆ ಒಂದು ಕಡೆ ಹೀರುವ ಕಡಿಮೆ ಒತ್ತಡ, ಇನ್ನೊಂದು ಕಡೆ ನೂಕುವ ಹೆಚ್ಚಿನ ಒತ್ತಡ ಇರುತ್ತವೆ. ಮೇಲೆ ಹೋಗಬೇಕಾದ ನೀರು ಹಿಂದಕ್ಕೆ ಹೀರುವ ಕಡೆಗೆ ಸೋರದಂತೆ ತಡೆಯಲು ಇಂಪೆಲ್ಲರಿನ ಕುತ್ತಿಗೆಯ ಸುತ್ತ, ಕೇಸಿಂಗಿನಲ್ಲಿ ಒಂದು ಬಳೆಯನ್ನು ಕೂಡಿಸಿರುತ್ತಾರೆ. ಇದಕ್ಕೆ ವೇರ್ ರಿಂಗ್ ಎಂದು ಹೆಸರು. ನಾವು ಸವೆತದ ಬಳೆ ಎನ್ನೋಣ. ಹೆಸರೇ ಹೇಳುವಂತೆ ಇದು ಸವೆಯುವುದಕ್ಕಾಗಿಯೇ ಇರುವ ಭಾಗ. ಬೆಲೆಯುಳ್ಳ ಕೇಸಿಂಗು ಮತ್ತು ಇಂಪೆಲ್ಲರುಗಳ ಬದಲು ತಾನು ಸವೆದು ಅವನ್ನು ಉಳಿಸುವುದು ಇದರ ಧರ್ಮ. ಇದಲ್ಲದೆ ಇಂಪೆಲ್ಲರನ್ನು ಹೊತ್ತ ಶಾಫ್ಟು, ಶಾಫ್ಟಿನ ಮೇಲಿನ ತೋಳು ಅಂದರೆ ಸ್ಲೀವು, ನೀರು ಹೊರಬರದಂತೆ ತಡೆಯುವ ಗ್ಲಾಂಡು, ಶಾಫ್ಟನ್ನು ಹಿಡಿದಿರುವ ಬೇರಿಂಗುಗಳು ಸವೆಯುವ ಇತರ ಭಾಗಗಳು.

ಮೊದಲು ಅಳೆಯಿರಿ

ಅಳತೆಯಿಲ್ಲದೆ ದುರಸ್ತಿಗೆ ಕೈಹಾಕಬಾರದು. 200 ಲೀಟರಿನ ಒಂದು ಡ್ರಮ್ಮನ್ನು ನೀರು ಬೀಳುವ ಕೊಳವೆಯ ಬಾಯಿಗೆ ಹಿಡಿದು, ಅದು ತುಂಬಲು ಎಷ್ಟು ಸೆಕೆಂಡು ಬೇಕೆಂಬುದನ್ನು ಗಡಿಯಾರದಲ್ಲಿ ನೋಡಿರಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. 20 ಸೆಕೆಂಡಿನಲ್ಲಿ ತುಂಬಿದರೆ ಪಂಪು ಸೆಕೆಂಡಿಗೆ 10 ಲೀಟರ್ ಕೊಡುತ್ತಿದೆ ಎಂದು ಅರ್ಥ. 29 ಸೆಕೆಂಡು ಹಿಡಿದರೆ ಅದು ಸುಮಾರು 7 ಲೀಟರಿಗೆ ಇಳಿದಿದೆ.

ಈ ಮೂರು ಲೀಟರಿನ ಬೆಲೆಯೇನು? ಒಂದು ಎಕರೆಗೆ ಎರಡು ಅಂಗುಲ, ಅಂದರೆ 5 ಸೆಂಟಿಮೀಟರ್, ನೀರು ನಿಲ್ಲಿಸಲು ಸುಮಾರು 2 ಲಕ್ಷ ಲೀಟರ್ ಬೇಕು. ಸೆಕೆಂಡಿಗೆ 10 ಲೀಟರ್ ಕೊಡುವ ಪಂಪು ಇದನ್ನು ಐದೂವರೆ ಗಂಟೆಗಳ ಸುಮಾರಿನಲ್ಲಿ ಮುಗಿಸುತ್ತದೆ. 7 ಲೀಟರ್ ಕೊಡುವ ಪಂಪಿಗೆ ಎಂಟು ಗಂಟೆ ಬೇಕು. ಮೂರು ಫೇಸಿನ ವಿದ್ಯುತ್ತು ದಿನಕ್ಕೆ ಏಳು ಗಂಟೆ ಬರುವ ಊರಿನಲ್ಲಿ ಮೊದಲನೆಯವನ ಎಕರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಎರಡನೆಯವನ ಎಕರೆಯ ಕೊನೆಯ ಮಡಿಗಳು ಒಣಗಿಕೊಂಡೇ ಇರುತ್ತವೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತವಾದ್ದರಿಂದ ಪಂಪಿನ ದುಂದು ಬಿಲ್ಲಿನಲ್ಲಿ ಕಾಣುವುದಿಲ್ಲ. ಆದರೆ ಗಂಟೆಗಳು ಉಚಿತವಲ್ಲ. ಡೀಸೆಲ್ ಎಂಜಿನ್ನು ಇಟ್ಟವರಿಗಂತೂ ಈ ಲೆಕ್ಕ ಪ್ರತಿದಿನವೂ ಕೈಯಿಂದ ಹೋಗುವ ಹಣದ ಲೆಕ್ಕ.

ಅಳೆಯುವಾಗ ಒಂದು ಮಾತು ನೆನಪಿರಲಿ. ಬಾವಿಯ ನೀರು ಕೆಳಗಿಳಿದಷ್ಟೂ ಪಂಪು ಕೊಡುವ ನೀರು ಕಡಿಮೆಯಾಗುವುದು ಸಹಜ. ಆದುದರಿಂದ ಬಾವಿಯ ನೀರಿನ ಮಟ್ಟವನ್ನೂ ಗುರುತುಹಾಕಿಕೊಂಡು, ಮಟ್ಟ ಒಂದೇ ಇದ್ದಾಗಿನ ಅಳತೆಗಳನ್ನು ಮಾತ್ರ ಒಂದಕ್ಕೊಂದು ಹೋಲಿಸತಕ್ಕದ್ದು.

ಬಿಚ್ಚುವ ಮುನ್ನ ಹೊರಗಿನ ಪರೀಕ್ಷೆ

ನೀರು ಒಂದೇ ದಿನದಲ್ಲಿ ಕಡಿಮೆಯಾಯಿತೇ, ಅಥವಾ ಎರಡು ಮೂರು ವರ್ಷಗಳಲ್ಲಿ ನಿಧಾನವಾಗಿ ಕಡಿಮೆಯಾಯಿತೇ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಇದ್ದಕ್ಕಿದ್ದಂತೆ ಕಡಿಮೆಯಾಗಿದ್ದರೆ ಕಸ ಸಿಕ್ಕಿರುವುದು, ಗಾಳಿ ಸೇರುತ್ತಿರುವುದು, ಫುಟ್‌ವಾಲ್ವು ಕೆಟ್ಟಿರುವುದು ಅಥವಾ ಮೋಟಾರು ಹಿಂದುಮುಂದಾಗಿ ತಿರುಗುತ್ತಿರುವುದು ಕಾರಣವಿರುತ್ತದೆ. ನಿಧಾನವಾಗಿ ಕಡಿಮೆಯಾಗಿದ್ದರೆ ಒಳಗಿನ ಸವೆತವೇ ಕಾರಣವೆಂದು ಬಹುಮಟ್ಟಿಗೆ ನಂಬಬಹುದು.

ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿರಿ. ಸಂಜೆ ಪಂಪಿಗೂ ಹೀರು ಕೊಳವೆಗೂ ನೀರು ತುಂಬಿಸಿ ಬಿಡಿರಿ. ಬೆಳಿಗ್ಗೆ ನೀರು ಇಳಿದಿದ್ದರೆ ಫುಟ್‌ವಾಲ್ವಿನ ಚರ್ಮ ಅಥವಾ ರಬ್ಬರು ಕೂಡುತ್ತಿಲ್ಲ. ಪಂಪು ನಡೆಯುವಾಗ ಹೀರು ಕೊಳವೆಯ ಕೂಡುಗಳ ಬಳಿ ಹೊತ್ತಿಸಿದ ಊದುಬತ್ತಿಯನ್ನು ಹಿಡಿಯಿರಿ. ಹೊಗೆ ಕೂಡಿನೊಳಕ್ಕೆ ಎಳೆದುಕೊಂಡರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಫುಟ್‌ವಾಲ್ವಿನ ಜರಡಿಗೆ ಪಾಚಿ, ಎಲೆ ಮೆತ್ತಿಕೊಂಡಿದೆಯೇ ನೋಡಿರಿ.

ಮೋಟಾರು ತಿರುಗುವ ದಿಕ್ಕನ್ನು ಕೇಸಿಂಗಿನ ಮೇಲಿನ ಬಾಣದ ಗುರುತಿನೊಡನೆ ಹೋಲಿಸಿರಿ. ಲೈನಿನ ಕೆಲಸವಾದ ಮೇಲೆ ಫೇಸುಗಳು ಅದಲುಬದಲಾಗಿ ಮೋಟಾರು ಹಿಂದಕ್ಕೆ ತಿರುಗುವುದುಂಟು. ಆಗಲೂ ಪಂಪು ಸ್ವಲ್ಪ ನೀರು ಕೊಡುವುದರಿಂದ ತಪ್ಪು ಗೊತ್ತಾಗುವುದಿಲ್ಲ. ರೆಕ್ಕೆಗಳ ಬಾಗು ಸುಮ್ಮನೆ ಇಟ್ಟದ್ದಲ್ಲ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಜಾನ್ ಆ್ಯಪೋಲ್ಡ್ ಎಂಬವರು ಬಾಗಿದ ರೆಕ್ಕೆಯ ಪಂಪನ್ನು ತೋರಿಸಿದಾಗ, ಅದರ ದಕ್ಷತೆ ನೇರ ರೆಕ್ಕೆಯ ಪಂಪಿನ ಎರಡರಷ್ಟಕ್ಕೂ ಮೀರಿತ್ತು. ಆ ಬಾಗಿನ ಪ್ರಯೋಜನ ದೊರೆಯಬೇಕಾದರೆ ಚಕ್ರ ಸರಿಯಾದ ದಿಕ್ಕಿಗೆ ತಿರುಗಬೇಕು. ಬೆಲ್ಟಿನಿಂದ ನಡೆಯುವ ಪಂಪಾದರೆ ಬೆಲ್ಟು ಜಾರುತ್ತಿಲ್ಲವೆಂಬುದನ್ನೂ ನೋಡಿರಿ.

ಇವೆಲ್ಲ ಸರಿಯಿದ್ದೂ ನೀರು ಕಡಿಮೆಯಿದ್ದರೆ ಪಂಪನ್ನು ಬಿಚ್ಚಬೇಕು.

ಬಿಚ್ಚುವಾಗ ಎಚ್ಚರಿಕೆ

ಮೊದಲನೆಯದಾಗಿ ಮೇನ್ ಸ್ವಿಚ್ಚನ್ನು ತೆಗೆದು, ಫ್ಯೂಸುಗಳನ್ನು ಕಳಚಿ ಜೇಬಿನಲ್ಲಿಟ್ಟುಕೊಳ್ಳಿರಿ. ಕರೆಂಟು ಬಂದೊಡನೆ ತಾನಾಗಿ ನಡೆಸುವ ಆಟೋ ಸ್ಟಾರ್ಟರುಗಳು ಈಗ ಬಹಳ ಕಡೆ ಇವೆ. ಕರೆಂಟು ಹೋಗಿದೆಯೆಂದು ನಂಬಿ ಕಪ್ಲಿಂಗಿಗೆ ಕೈಯಿಟ್ಟವನ ಬೆರಳು ಹೋಗಲು ಒಂದು ಗಳಿಗೆ ಸಾಕು.

ಪಂಪು ಬಾವಿಯೊಳಗಿನ ಕಟ್ಟೆಯ ಮೇಲಿದ್ದರೆ ಒಬ್ಬರೇ ಇಳಿಯಬಾರದು. ಬಹಳ ದಿನ ಇಳಿಯದ ಬಾವಿಯಲ್ಲಿ ಉಸಿರಾಟಕ್ಕೆ ಬೇಕಾದ ಗಾಳಿ ಇಲ್ಲದಿರಬಹುದು. ಇಳಿಬಿಟ್ಟ ದೀಪ ಆರಿದರೆ ಖಂಡಿತ ಇಳಿಯಕೂಡದು. ಡೀಸೆಲ್ ಎಂಜಿನ್ನು ಬಾವಿಯೊಳಗೆ ನಡೆದಿದ್ದರೆ ದೀಪ ಆರದಿದ್ದರೂ ನಂಬುವಂತಿಲ್ಲ. ಎಂಜಿನ್ನಿನ ವಿಷದ ಹೊಗೆ ದೀಪವನ್ನು ಆರಿಸದೆಯೇ ಮನುಷ್ಯನನ್ನು ಕೊಲ್ಲಬಲ್ಲದು. ಸಾಧ್ಯವಾದ ಕಡೆಯಲ್ಲೆಲ್ಲ ಪಂಪನ್ನು ಮೇಲಕ್ಕೆ ತಂದು ಬಿಚ್ಚುವುದೇ ಒಳ್ಳೆಯದು.

ಬಿಚ್ಚುವ ಮೊದಲು ಕೂಡುವ ಎರಡು ಭಾಗಗಳ ಮೇಲೂ ಸೆಂಟರ್ ಪಂಚಿನಿಂದ ಚುಕ್ಕೆಯ ಗುರುತು ಹಾಕಿರಿ. ಮೊಬೈಲ್ ಫೋನಿನಲ್ಲಿ ಪ್ರತಿ ಹಂತದ ಚಿತ್ರ ತೆಗೆದಿಟ್ಟುಕೊಂಡರೆ ಜೋಡಿಸುವಾಗ ತೊಡಕಾಗುವುದಿಲ್ಲ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ಸೀಮೆಎಣ್ಣೆ ಬಿಡಿರಿ. ಇಂಪೆಲ್ಲರಿನ ನಟ್ಟು ಎಡಸುತ್ತಿನದೋ ಬಲಸುತ್ತಿನದೋ ನೋಡದೆ ಬಲ ಹಾಕಬೇಡಿ. ಇಂಪೆಲ್ಲರನ್ನು ಪುಲ್ಲರಿನಿಂದ ಎಳೆದು ತೆಗೆಯಬೇಕು. ಸುತ್ತಿಗೆಯಿಂದ ಬಡಿದರೆ ಬೀಡು ಕಬ್ಬಿಣ ಒಡೆಯುತ್ತದೆ, ಶಾಫ್ಟು ಬಾಗುತ್ತದೆ. ಕೇಸಿಂಗಿನ ನಡುವೆ ಇದ್ದ ಗ್ಯಾಸ್ಕೆಟ್ಟಿನ ದಪ್ಪವನ್ನು ಬರೆದಿಟ್ಟುಕೊಳ್ಳಿರಿ. ಬೇರೆ ದಪ್ಪದ ಗ್ಯಾಸ್ಕೆಟ್ಟು ಹಾಕಿದರೆ ಇಂಪೆಲ್ಲರಿನ ಸ್ಥಾನವೇ ಬದಲಾಗುವುದು.

ಸವೆತದ ಬಳೆ

ಎಲ್ಲ ಭಾಗಗಳನ್ನೂ ತೊಳೆದು ಒರಸಿದ ಮೇಲೆ ಮೊದಲು ನೋಡಬೇಕಾದದ್ದು ಇದನ್ನೇ. ಇಂಪೆಲ್ಲರಿನ ಕುತ್ತಿಗೆಯ ಹೊರ ವ್ಯಾಸವನ್ನೂ ಬಳೆಯ ಒಳ ವ್ಯಾಸವನ್ನೂ ಕ್ಯಾಲಿಪರಿನಿಂದ ಅಳೆಯಿರಿ. ಒಂದರಿಂದ ಇನ್ನೊಂದನ್ನು ಕಳೆದರೆ ಬರುವುದೇ ಸಂದು. ಬಳೆ ಒಂದು ಕಡೆ ಮಾತ್ರ ಸವೆದು ಮೊಟ್ಟೆಯಾಕಾರವಾಗಿರಬಹುದಾದ್ದರಿಂದ ಅಡ್ಡಲಾಗಿ ಒಮ್ಮೆ, ಉದ್ದಲಾಗಿ ಒಮ್ಮೆ ಅಳೆಯಬೇಕು. 80 ಮಿಲಿಮೀಟರ್ ಸುಮಾರಿನ ಬಳೆಯಲ್ಲಿ ಹೊಸದಾಗಿದ್ದಾಗ ಸಂದು ವ್ಯಾಸದ ಮೇಲೆ ಸುಮಾರು 0.3 ಮಿಲಿಮೀಟರ್ ಇರುತ್ತದೆ. ತಯಾರಕರ ಪುಸ್ತಕ ನಿಮ್ಮಲ್ಲಿದ್ದರೆ ಅದರಲ್ಲಿ ಕೊಟ್ಟ ಅಳತೆಯೇ ಪ್ರಮಾಣ. ಸಂದು ಹೊಸದರ ಎರಡರಷ್ಟಾದರೆ ಬಳೆಯನ್ನು ಬದಲಾಯಿಸುವ ಕಾಲ ಬಂದಿದೆಯೆಂದು ತಿಳಿಯಬೇಕು.

ಕೂದಲೆಳೆಯಷ್ಟು ಸಂದಿಗೆ ಇಷ್ಟು ರಂಪವೇಕೆಂದು ಕೆಲವರು ಕೇಳಬಹುದು. ಲೆಕ್ಕ ಮಾಡಿ ನೋಡೋಣ. 80 ಮಿಲಿಮೀಟರ್ ಬಳೆಯ ಸುತ್ತಳತೆ ಸುಮಾರು 250 ಮಿಲಿಮೀಟರ್. ಸಂದು ವ್ಯಾಸದ ಮೇಲೆ 0.3 ಮಿಲಿಮೀಟರ್ ಇದ್ದಾಗ ಸುತ್ತಲೂ ಇರುವ ಸೀಳನ್ನೆಲ್ಲ ಒಟ್ಟುಗೂಡಿಸಿದರೆ ಅದು 7 ಮಿಲಿಮೀಟರ್ ತೂತಿಗೆ ಸಮ. ಸಂದು 2 ಮಿಲಿಮೀಟರ್ ಆದಾಗ ಅದೇ ಸೀಳು 18 ಮಿಲಿಮೀಟರ್, ಅಂದರೆ ಸುಮಾರು ಮುಕ್ಕಾಲು ಅಂಗುಲದ ತೂತಿಗೆ ಸಮವಾಗುತ್ತದೆ. ನೂಕುವ ಕಡೆಯಿಂದ ಹೀರುವ ಕಡೆಗೆ ನಾವೇ ಮುಕ್ಕಾಲು ಅಂಗುಲದ ತೂತು ಕೊರೆದಂತಾಯಿತು. ಪಂಪು ಎತ್ತಿದ ನೀರನ್ನೇ ಮತ್ತೆ ಮತ್ತೆ ಎತ್ತುತ್ತಿರುತ್ತದೆ. ಮೋಟಾರು ದುಡಿಯುತ್ತದೆ, ಕಾಲುವೆಗೆ ನೀರು ಬರುವುದಿಲ್ಲ.

ನಮ್ಮ ವಲಯದ ಒಂದು ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ಒಂದೇ ಬಾವಿಯಿಂದ ದಿನ ಬಿಟ್ಟು ದಿನ ಸರದಿಯ ಮೇಲೆ ನೀರು ಹಾಯಿಸುತ್ತಿದ್ದರು. ಅಣ್ಣನಿಗೆ ಕಬ್ಬು, ತಮ್ಮನಿಗೆ ಬಾಳೆ. ಇಬ್ಬರ ಹೊಲವೂ ಸರದಿಯೊಳಗೆ ಮುಗಿಯದಂತಾದಾಗ, ಒಬ್ಬನು ಇನ್ನೊಬ್ಬನ ಗಂಟೆಯನ್ನು ಕದಿಯುತ್ತಿದ್ದಾನೆಂಬ ಮಾತು ಹುಟ್ಟಿ, ಬಾವಿಯನ್ನು ಪಾಲುಮಾಡಿಕೊಳ್ಳುವವರೆಗೆ ಹೋಯಿತು. ಡ್ರಮ್ಮು ಹಿಡಿದು ನೋಡಿದಾಗ 29 ಸೆಕೆಂಡು. ಬಳೆಯ ಸಂದು ಎರಡು ಮಿಲಿಮೀಟರಿಗೆ ಹತ್ತಿರವಿತ್ತು. ಬಳೆ ಬದಲಾಯಿಸಿ ಗ್ಲಾಂಡು ಕಟ್ಟಿದ ಮೇಲೆ ಅದೇ ಡ್ರಮ್ಮು 21 ಸೆಕೆಂಡಿಗೆ ತುಂಬಿತು. ಕದ್ದ ಗಂಟೆಗಳು ಪಂಪಿನ ಹೊಟ್ಟೆಯಲ್ಲಿದ್ದವು. ಈಗ ಸರದಿ ಮೊದಲಿನಂತೆಯೇ ನಡೆದಿದೆ.

ಬಳೆಯನ್ನು ಸರಿಪಡಿಸಲು ಮೂರು ಮಾರ್ಗಗಳಿವೆ. ಇಂಪೆಲ್ಲರಿನ ಕುತ್ತಿಗೆ ದುಂಡಾಗಿ, ನುಣುಪಾಗಿ ಉಳಿದಿದ್ದರೆ ತಯಾರಕರ ಹೊಸ ಬಳೆಯನ್ನು ಕೂಡಿಸಿದರೆ ಸಾಕು. ಕುತ್ತಿಗೆಯೂ ಗೀರು ಬಿದ್ದು ಸವೆದಿದ್ದರೆ, ಅದನ್ನು ಲೇತಿನಲ್ಲಿ ಸ್ವಲ್ಪವೇ ತಿರುವಿ ದುಂಡು ಮಾಡಿಸಿ, ಆ ಹೊಸ ಅಳತೆಗೆ ಸರಿಯಾಗಿ ಚಿಕ್ಕ ಒಳ ವ್ಯಾಸದ ಬಳೆಯನ್ನು ಮಾಡಿಸಬೇಕು. ಕೆಲವು ಸಣ್ಣ ಪಂಪುಗಳಲ್ಲಿ ಬೇರೆ ಬಳೆಯೇ ಇರುವುದಿಲ್ಲ, ಕೇಸಿಂಗೇ ಬಳೆಯ ಕೆಲಸ ಮಾಡುತ್ತದೆ. ಅಂಥಲ್ಲಿ ಕೇಸಿಂಗನ್ನು ಕೊರೆಸಿ, ಗನ್‌ಮೆಟಲ್ ಬಳೆಯನ್ನು ಬಿಗಿಯಾಗಿ ಒತ್ತಿ ಕೂಡಿಸಿ, ಅದು ತಿರುಗದಂತೆ ಎರಡು ಸಣ್ಣ ಸ್ಕ್ರೂಗಳಿಂದ ಭದ್ರಪಡಿಸಬಹುದು.

ಬಳೆಯನ್ನು ಕಬ್ಬಿಣದಲ್ಲಿ ಮಾಡಿಸುವುದಕ್ಕಿಂತ ತಾಮ್ರ, ತವರ, ಸತುವು ಸೇರಿದ ಗನ್‌ಮೆಟಲ್ಲಿನಲ್ಲಿ ಮಾಡಿಸುವುದು ಲೇಸು. ಬೀಡು ಕಬ್ಬಿಣದ ಕುತ್ತಿಗೆ ಅಕಸ್ಮಾತ್ತಾಗಿ ತಾಗಿದರೂ ಅದು ಕಚ್ಚಿಕೊಳ್ಳುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ. ಲೇತಿನವನಿಗೆ ಸಂದಿನ ಅಳತೆಯನ್ನು ಬಾಯಿಮಾತಿನಲ್ಲಿ ಹೇಳದೆ ಕಾಗದದ ಮೇಲೆ ಬರೆದುಕೊಡಿರಿ. ಸಂದು ಅತಿ ಕಿರಿದಾದರೆ ಇಂಪೆಲ್ಲರ್ ಉಜ್ಜಿ ಹಿಡಿದುಕೊಳ್ಳುವುದು; ಆದುದರಿಂದ ಇನ್ನೂ ಬಿಗಿಯಿದ್ದರೆ ಇನ್ನೂ ಒಳ್ಳೆಯದೆಂದು ಭಾವಿಸಬಾರದು.

ಇಂಪೆಲ್ಲರ್

ಇಂಪೆಲ್ಲರನ್ನು ಬೆಳಕಿಗೆ ಹಿಡಿದು ಮೂರು ಬಗೆಯ ಗಾಯಗಳನ್ನು ಹುಡುಕಬೇಕು. ರೆಕ್ಕೆಗಳ ಹೊರ ತುದಿ ತೆಳುವಾಗಿ, ಉಜ್ಜಿದಂತೆ ನುಣುಪಾಗಿದ್ದರೆ ಅದು ಮರಳಿನ ಕೆಲಸ. ರೆಕ್ಕೆಗಳ ಒಳ ತುದಿಯಲ್ಲಿ, ಕಣ್ಣಿನ ಹತ್ತಿರ, ಗೆದ್ದಲು ತಿಂದಂತೆ ಸಣ್ಣ ಸಣ್ಣ ಕುಳಿಗಳಿದ್ದರೆ ಅದು ಹೀರುವ ಕಡೆಯ ತೊಂದರೆಯ ಗುರುತು. ಹೀರುವ ಎತ್ತರ ಹೆಚ್ಚಾದಾಗ ಅಥವಾ ಕೊಳವೆ ಕಟ್ಟಿಕೊಂಡಾಗ ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ, ಮುಂದೆ ಒತ್ತಡ ಏರಿದ ಕಡೆ ಫಟ್ಟನೆ ಒಡೆದು ಲೋಹವನ್ನು ಕೀಳುತ್ತವೆ. ನಡೆಯುವಾಗ ಪಂಪಿನೊಳಗೆ ಜಲ್ಲಿ ಉರುಳಿದಂಥ ಸದ್ದು ಬರುತ್ತಿದ್ದರೆ ಇದೇ ಕಾರಣ. ಮೂರನೆಯದು ತುಕ್ಕಿನ ಪದರ. ಅದು ನೀರಿನ ದಾರಿಯನ್ನು ಕಿರಿದು ಮಾಡುತ್ತದೆ. ಇದನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯಬಹುದು.

ಸಣ್ಣ ಕುಳಿಗಳನ್ನು ಲೋಹದ ಪುಡಿ ಸೇರಿದ ಎಪಾಕ್ಸಿ ಲೇಪದಿಂದ ತುಂಬಿ ನುಣುಪು ಮಾಡಬಹುದು. ಅದಕ್ಕೆ ಮುಂಚೆ ಎಣ್ಣೆ, ತುಕ್ಕು ಲವಲೇಶವೂ ಇರಬಾರದು. ಬೀಡು ಕಬ್ಬಿಣಕ್ಕೆ ವೆಲ್ಡಿಂಗ್ ಮಾಡುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ನಿಕಲ್ ಕಡ್ಡಿಯಿಂದ, ಮೊದಲೇ ಬಿಸಿ ಮಾಡಿ, ನಿಧಾನವಾಗಿ ಆರಲು ಬಿಟ್ಟು ಮಾಡುವವರು ಸಿಕ್ಕರೆ ಮಾತ್ರ ಮಾಡಿಸಬೇಕು. ಇಲ್ಲವಾದರೆ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ರೆಕ್ಕೆ ತೂತಾಗಿದ್ದರೆ, ಕಾಗದದಂತೆ ತೆಳುವಾಗಿದ್ದರೆ ಹೊಸ ಇಂಪೆಲ್ಲರನ್ನೇ ಹಾಕಬೇಕು.

ಹೊರ ಅಂಚು ತರಿತರಿಯಾಗಿದೆಯೆಂದು ಲೇತಿನಲ್ಲಿ ಸುತ್ತಲೂ ಕತ್ತರಿಸಿ ಚೊಕ್ಕ ಮಾಡಿಸುವ ವಾಡಿಕೆಯಿದೆ. ಇದು ಹಾನಿಕರ. ಪಂಪು ನೀರೆತ್ತುವ ಎತ್ತರವು ಇಂಪೆಲ್ಲರಿನ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. 160 ಮಿಲಿಮೀಟರಿನ ಚಕ್ರವನ್ನು 152ಕ್ಕೆ ಇಳಿಸಿದರೆ ವ್ಯಾಸ ಕಡಿಮೆಯಾದದ್ದು ನೂರಕ್ಕೆ 5. ಎತ್ತುವ ಶಕ್ತಿ ಕಡಿಮೆಯಾಗುವುದು ನೂರಕ್ಕೆ ಸುಮಾರು 10.

ದುರಸ್ತಿಯಾದ ಇಂಪೆಲ್ಲರಿನ ತೂಕ ಸಮವಾಗಿದೆಯೇ ಎಂದು ನೋಡಲೇಬೇಕು. ಅದನ್ನು ಒಂದು ಸರಳಿನ ಮೇಲೆ ಕೂಡಿಸಿ, ಮಟ್ಟ ಮಾಡಿದ ಎರಡು ಅಲಗುಗಳ ಮೇಲೆ ಉರುಳಲು ಬಿಡಿರಿ. ಭಾರದ ಕಡೆ ಪ್ರತಿ ಸಲವೂ ಕೆಳಕ್ಕೆ ಬಂದು ನಿಲ್ಲುತ್ತದೆ. ಆ ಕಡೆಯ ಹಿಂಬದಿಯ ತಟ್ಟೆಯಿಂದ ಸ್ವಲ್ಪ ಸ್ವಲ್ಪ ಲೋಹವನ್ನು ಅರೆದು ತೆಗೆಯಬೇಕು; ರೆಕ್ಕೆಯನ್ನು ಮುಟ್ಟಬಾರದು. ತೂಕ ಸಮವಿಲ್ಲದ ಚಕ್ರ ಹೊಸ ಬೇರಿಂಗನ್ನೂ ಹೊಸ ಬಳೆಯನ್ನೂ ಒಂದೇ ಬೇಸಗೆಯಲ್ಲಿ ತಿಂದುಹಾಕುತ್ತದೆ.

ಶಾಫ್ಟು, ಸ್ಲೀವು ಮತ್ತು ಗ್ಲಾಂಡು

ಶಾಫ್ಟನ್ನು ಲೇತಿನ ಎರಡು ಸೆಂಟರುಗಳ ನಡುವೆ ಕೂಡಿಸಿ, ಡಯಲ್ ಗೇಜ್ ಇಟ್ಟು ಕೈಯಿಂದ ತಿರುಗಿಸಿದರೆ ಬಾಗು ಇದೆಯೋ ಇಲ್ಲವೋ ತಿಳಿಯುತ್ತದೆ. ಮುಳ್ಳಿನ ಓಡಾಟ 0.05 ಮಿಲಿಮೀಟರ್ ಮೀರದಿದ್ದರೆ ಒಳ್ಳೆಯದು. ಕೀಲಿಯ ಕಾಲುವೆ ಅಗಲವಾಗಿ ಇಂಪೆಲ್ಲರ್ ಅಲುಗುತ್ತಿದೆಯೇ ಎಂಬುದನ್ನೂ ನೋಡಬೇಕು.

ಗ್ಲಾಂಡಿನ ಹಗ್ಗ ಉಜ್ಜುವ ಕಡೆ ಸ್ಲೀವಿನ ಮೇಲೆ ಬಳೆಬಳೆಯಾಗಿ ಗೀರುಗಳು ಬಿದ್ದಿರುತ್ತವೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಾದರೆ ಎಷ್ಟು ಹೊಸ ಹಗ್ಗ ಸುತ್ತಿದರೂ ನೀರು ನಿಲ್ಲುವುದಿಲ್ಲ, ಸ್ಲೀವನ್ನು ಬದಲಾಯಿಸಬೇಕು. ಸ್ಲೀವಿಲ್ಲದ ಶಾಫ್ಟಾದರೆ ಅದನ್ನು ತಿರುವಿ ಸ್ಲೀವು ಕೂಡಿಸಬಹುದೇ ಎಂದು ತಿಳಿದ ಫಿಟ್ಟರನ್ನು ಕೇಳಿ ನಿರ್ಧರಿಸಿರಿ.

ಹಗ್ಗ ಸುತ್ತುವ ಕ್ರಮ ಹೀಗೆ. ಗ್ರಾಫೈಟು ಸೇರಿದ ಪ್ಯಾಕಿಂಗ್ ಹಗ್ಗವನ್ನು ಉದ್ದಕ್ಕೆ ಸುರುಳಿ ಸುತ್ತದೆ, ಶಾಫ್ಟಿನ ಸುತ್ತಿಗೆ ಸರಿಯಾಗಿ ಒಂದೊಂದೇ ಉಂಗುರವಾಗಿ, ಓರೆಯಾಗಿ ಕತ್ತರಿಸಿರಿ. ಒಂದು ಉಂಗುರದ ಕೂಡು ಮೇಲಿದ್ದರೆ ಮುಂದಿನದರ ಕೂಡು ಪಕ್ಕಕ್ಕೆ ಬರುವಂತೆ ಇಡಿರಿ. ನಡುವೆ ತೂತುಳ್ಳ ಲೋಹದ ಉಂಗುರವಿದ್ದರೆ ಅದು ನೀರಿನ ರಂಧ್ರಕ್ಕೆ ಎದುರಾಗಿಯೇ ಕೂಡಬೇಕು. ಕಲ್ನಾರಿನ ಹಳೆಯ ಹಗ್ಗವಾಗಿದ್ದರೆ ಒಣಗಿದ್ದಾಗ ಕೀಳದೆ, ಒದ್ದೆ ಮಾಡಿ ತೆಗೆದು ಹೂಳಿರಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಗ್ಲಾಂಡಿನಿಂದ ತೊಟ್ಟಿಕ್ಕುವ ನೀರನ್ನು ಕಂಡು ಅದನ್ನು ಪೂರ್ತಿ ನಿಲ್ಲುವವರೆಗೆ ಬಿಗಿಯುವುದು ಸರ್ವೇಸಾಮಾನ್ಯವಾದ ತಪ್ಪು. ನಿಮಿಷಕ್ಕೆ 40ರಿಂದ 60 ಹನಿ ಬೀಳುತ್ತಲೇ ಇರಬೇಕು. ಆ ಹನಿಯೇ ಹಗ್ಗವನ್ನೂ ಸ್ಲೀವನ್ನೂ ತಂಪಾಗಿಡುವ ಔಷಧಿ. ಹನಿ ನಿಂತರೆ ಹಗ್ಗ ಸುಟ್ಟು, ಸ್ಲೀವು ಗೀರಿ, ಮೋಟಾರಿಗೆ ಭಾರವಾಗುತ್ತದೆ. ನಿಮ್ಮ ಪಂಪಿನಲ್ಲಿ ಹಗ್ಗದ ಬದಲು ಮೆಕ್ಯಾನಿಕಲ್ ಸೀಲು ಇದ್ದರೆ ಅದರಲ್ಲಿ ಮಾತ್ರ ಹನಿ ಬೀಳಬಾರದು. ಬಿದ್ದರೆ ಸೀಲಿನ ಎರಡು ಮುಖಗಳನ್ನೂ ಒಟ್ಟಿಗೆ ಬದಲಾಯಿಸತಕ್ಕದ್ದು. ನುಣುಪಾದ ಮುಖಗಳನ್ನು ಬೆರಳಿನಿಂದ ಮುಟ್ಟಲೂ ಬಾರದು.

ಬೇರಿಂಗು

ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಕೈಯಲ್ಲಿ ನಿಧಾನವಾಗಿ ತಿರುಗಿಸಿರಿ. ಕರಕರ ಎಂದರೆ, ತಡೆದು ತಡೆದು ತಿರುಗಿದರೆ ಅಥವಾ ಅಲುಗಾಟ ಕಂಡರೆ ಬದಲಾಯಿಸಿರಿ. ಬೇರಿಂಗನ್ನು ದುರಸ್ತಿ ಮಾಡುವುದೆಂಬುದಿಲ್ಲ. ಹೊಸದನ್ನು ಕೂಡಿಸುವಾಗ ಎಣ್ಣೆಯಲ್ಲಿ 80ರಿಂದ 100 ಡಿಗ್ರಿ ಸೆಂಟಿಗ್ರೇಡಿನವರೆಗೆ ಬಿಸಿ ಮಾಡಿದರೆ ಅದು ತಾನಾಗಿ ಶಾಫ್ಟಿಗೆ ಜಾರುತ್ತದೆ. ಒತ್ತಬೇಕಾದರೆ ಒಳ ಬಳೆಯನ್ನು ಮಾತ್ರ ಒತ್ತಬೇಕು. ಗ್ರೀಸನ್ನು ಮನೆಯ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ತುಂಬಿದರೆ ಸಾಕು. ಹೆಚ್ಚು ತುಂಬಿದರೆ ಗ್ರೀಸೇ ಕಡೆದು ಬಿಸಿಯಾಗುತ್ತದೆ.

ಕೇಸಿಂಗು, ಮತ್ತು ಹೊಸ ಪಂಪಿನ ಮಾತು

ಕೇಸಿಂಗಿನಲ್ಲಿ ನೀರು ಮೇಲಕ್ಕೆ ತಿರುಗುವ ಕಡೆ ನಾಲಗೆಯಂತೆ ಚಾಚಿದ ಭಾಗವೊಂದಿದೆ. ಮರಳು ಮೊದಲು ತಿನ್ನುವುದು ಇದನ್ನು. ಅಲ್ಪ ಸವೆತವನ್ನು ಎಪಾಕ್ಸಿ ಲೇಪದಿಂದ ತುಂಬಬಹುದು. ಕೇಸಿಂಗು ಸೀಳಿದ್ದು, ಇಂಪೆಲ್ಲರ್ ತೂತಾಗಿದ್ದು, ಶಾಫ್ಟೂ ಬಾಗಿದ್ದರೆ ಆಗ ಲೆಕ್ಕ ಬೇರೆ. ದುರಸ್ತಿಯ ಒಟ್ಟು ಖರ್ಚು ಹೊಸ ಪಂಪಿನ ಬೆಲೆಯ ಅರ್ಧವನ್ನು ಮೀರುವುದಾದರೆ ಹೊಸದನ್ನು ಕೊಳ್ಳುವುದೇ ಸರಿಯೆಂದು ನನ್ನ ಅಭಿಪ್ರಾಯ. ಕೊಳ್ಳುವಾಗ ಐಎಸ್ಐ ಗುರುತನ್ನೂ, ನಿಮ್ಮ ಬಾವಿಯ ಆಳಕ್ಕೆ ಒಪ್ಪುವ ಎತ್ತರವನ್ನೂ ನೋಡಿ ಕೊಳ್ಳಬೇಕು. ಅಶ್ವಶಕ್ತಿಯೊಂದನ್ನೇ ನೋಡಿದರೆ ಸಾಲದು.

ಜೋಡಿಸಿ ನಡೆಸುವುದು

ಜೋಡಿಸಿದ ಮೇಲೆ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿರಿ. ಎಲ್ಲಿಯೂ ಉಜ್ಜುವ ಸದ್ದು ಬರಬಾರದು. ಮೋಟಾರು ಬೇರೆ, ಪಂಪು ಬೇರೆ ಇರುವ ಸೆಟ್ಟಾದರೆ ಕಪ್ಲಿಂಗಿನ ಎರಡು ಭಾಗಗಳ ಮೇಲೆ ನೇರ ಪಟ್ಟಿಯನ್ನು ಇಟ್ಟು ಮೇಲೆ, ಕೆಳಗೆ, ಎರಡು ಪಕ್ಕ ಹೀಗೆ ನಾಲ್ಕು ಕಡೆ ಪರೀಕ್ಷಿಸಿರಿ. ಎರಡು ಮುಖಗಳ ನಡುವಿನ ಸಂದನ್ನೂ ಫೀಲರ್ ಗೇಜಿನಿಂದ ನಾಲ್ಕು ಕಡೆ ಅಳೆಯಿರಿ. ಸೊಟ್ಟ ಕೂತ ಕಪ್ಲಿಂಗು ಎತ್ತು ಹೋರಿ ಜೊತೆಗೂಡದ ನೊಗದಂತೆ, ಎರಡು ಕಡೆಯವರನ್ನೂ ಕೆಡಿಸುತ್ತದೆ. ರಬ್ಬರಿನ ಬುಷ್ಷುಗಳು ಹರಿದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿರಿ.

ಪಂಪಿಗೆ ನೀರು ತುಂಬಿಸದೆ ಒಂದು ಕ್ಷಣವೂ ನಡೆಸಬೇಡಿ. ಹೊಸ ಬಳೆ ಒಣಗಿ ಉಜ್ಜಿ ಹಾಳಾಗುತ್ತದೆ. ನೀರು ಬಂದ ಮೇಲೆ ಗ್ಲಾಂಡಿನ ಹನಿಯನ್ನು ನಿಧಾನವಾಗಿ ಹದಗೊಳಿಸಿ, ಅರ್ಧ ಗಂಟೆಯ ನಂತರ ಬೇರಿಂಗಿನ ಬಿಸಿಯನ್ನು ನೋಡಿ, ಮತ್ತೆ ಡ್ರಮ್ಮಿನಿಂದ ಅಳೆಯಿರಿ. ದುರಸ್ತಿ ಫಲಿಸಿತೋ ಇಲ್ಲವೋ ಎಂಬುದಕ್ಕೆ ಆ ಸೆಕೆಂಡುಗಳೇ ಸಾಕ್ಷಿ.

ಸವೆತದ ಮೂಲವನ್ನು ನಿಲ್ಲಿಸಿರಿ

ಕಾರಣವನ್ನು ಹಾಗೆಯೇ ಬಿಟ್ಟು ಬಳೆಯನ್ನು ಬದಲಾಯಿಸಿದರೆ ಮುಂದಿನ ವರ್ಷ ಮತ್ತೆ ಅದೇ ಕೆಲಸ. ಫುಟ್‌ವಾಲ್ವು ಬಾವಿಯ ತಳದಿಂದ ಒಂದಡಿಗಿಂತ ಮೇಲೆ, ನೀರಿನ ಮಟ್ಟಕ್ಕಿಂತ ಎರಡಡಿ ಕೆಳಗೆ ಇರಲಿ. ತಳಕ್ಕೆ ಹತ್ತಿದರೆ ಮರಳು, ಮೇಲಕ್ಕೆ ಬಂದರೆ ಗಾಳಿ ಒಳಗೆ ಹೋಗುತ್ತವೆ. ಬಾವಿಯ ಹೂಳನ್ನು ಬೇಸಗೆಯಲ್ಲಿ ತೆಗೆಸಿರಿ.

ಪಂಪು ನೀರಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ನೀರನ್ನು ಪಂಪಿನೊಳಗೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದು 10.3 ಮೀಟರ್ ನೀರಿನ ಕಂಬಕ್ಕೆ ಸಮ. ಬೆಂಗಳೂರಿನ ಸುತ್ತಿನಂತೆ 900 ಮೀಟರ್ ಎತ್ತರದ ಸೀಮೆಯಲ್ಲಿ ಅದು ಸುಮಾರು ಒಂದು ಮೀಟರ್ ಕಡಿಮೆ. ಕೊಳವೆಯ ತಿಕ್ಕಾಟವೆಲ್ಲ ಕಳೆದು, ಮೈದಾನ ಸೀಮೆಯಲ್ಲಿ ಪಂಪು ನೀರಿನಿಂದ 6 ಮೀಟರಿಗಿಂತ, ಅಂದರೆ 20 ಅಡಿಗಿಂತ, ಮೇಲೆ ಇರದಂತೆ ನೋಡಿಕೊಳ್ಳುವುದು ಕ್ಷೇಮ. ಹೀರು ಕೊಳವೆಯಲ್ಲಿ ಬಾಗುಗಳು ಎಷ್ಟು ಕಡಿಮೆಯಿದ್ದರೆ ಅಷ್ಟು ಲೇಸು.

ರೈತ ಬಾಂಧವರಲ್ಲಿ ಒಂದು ಸೂಚನೆ

ಈ ಕೆಲಸಗಳಲ್ಲಿ ಅಳೆಯುವುದು, ಹೊರಗಿನ ಪರೀಕ್ಷೆ, ಹಗ್ಗ ಸುತ್ತುವುದು, ಗ್ರೀಸು ತುಂಬುವುದು ಮನೆಯವರೇ ಮಾಡಬಹುದಾದವು. ಲೇತಿನ ಕೆಲಸ, ಬೇರಿಂಗು, ತೂಕ ಸಮಮಾಡುವುದು ಕಸಬುದಾರನ ಕೈಗೆ ಸೇರಿದ್ದು. ಆದರೆ ಬಳೆಯ ಸಂದು ಎಷ್ಟಿದೆ, ಎಷ್ಟಿರಬೇಕು ಎಂದು ತಿಳಿದ ರೈತನಿಗೂ, ಏನೂ ತಿಳಿಯದೆ ಪಂಪನ್ನು ಗಾಡಿಗೆ ಹೇರಿದ ರೈತನಿಗೂ ವರ್ಕ್‌ಷಾಪಿನಲ್ಲಿ ಆಗುವ ಖರ್ಚು ಒಂದೇ ಆಗಿರುವುದಿಲ್ಲ.

ಒಂದು ಕ್ಯಾಲಿಪರು, ಒಂದು ಫೀಲರ್ ಗೇಜು, ಒಂದು ಪುಲ್ಲರು ಊರಿಗೆ ಒಂದು ಜೊತೆ ಇದ್ದರೆ ಸಾಕು. ಹತ್ತು ಪಂಪಿನ ಒಡೆಯರು ಸೇರಿ ಹಣ ಹಾಕಿ ಕೊಂಡು, ಸಹಕಾರ ಸಂಘದಲ್ಲಿಯೋ ಯುವಕ ಮಂಡಲದಲ್ಲಿಯೋ ಇಡಬಹುದು. ಪಂಪಿನ ಮನೆಯಲ್ಲಿ ಒಂದು ಪುಸ್ತಕವನ್ನು ತೂಗುಹಾಕಿ, ವರ್ಷಕ್ಕೆರಡು ಸಲ ತಾರೀಖು, ಬಾವಿಯ ನೀರಿನ ಮಟ್ಟ, ಡ್ರಮ್ಮು ತುಂಬಿದ ಸೆಕೆಂಡು, ಬಳೆಯ ಸಂದು ಮತ್ತು ಬದಲಾಯಿಸಿದ ಭಾಗ ಇಷ್ಟನ್ನು ಬರೆದಿಡಿರಿ.

ಪಂಪಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ. ಹಿಂಗಾರಿನ ನೀರಿಗೆ ಮುಂಚೆ, ಶ್ರಾವಣ ಭಾದ್ರಪದಗಳಲ್ಲಿ ಒಮ್ಮೆ ಬಿಚ್ಚಿ ನೋಡಿದವನಿಗೆ ಬೇಸಗೆಯಲ್ಲಿ ಬಿಚ್ಚುವ ಪ್ರಮೇಯ ಬರುವುದಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮಗೆ ಅನ್ವಯಿಸದಿರಲಿ. ಈ ಮಳೆಗಾಲದಲ್ಲಿಯೇ ಡ್ರಮ್ಮು ಹಿಡಿದು ಮೊದಲ ಅಳತೆಯನ್ನು ಬರೆದಿಡಿರಿ.